ಮೂರನೇ ಸೆಮಿಸ್ಟರಿನ ಪಂಡಿತ

ತುಮಕೂರಿನ ಕ್ಯಾತ್ಸಂದ್ರದಲ್ಲಿ ಇಂಜಿನಿಯರಿಂಗ್ ಹುಡುಗರಿಗೆ ಯಾವತ್ತೂ ಬರವಿಲ್ಲ. ತುಮಕೂರಿನಲ್ಲಿ ಸಿದ್ಧಗಂಗಾ ತಾಂತ್ರಿಕ ಕಾಲೇಜು ಶುರುವಾದದ್ದು 1963ರಲ್ಲಿ, ಶ್ರೀ ಸಿದ್ಧಾರ್ಥ ಕಾಲೇಜು 1979ರಲ್ಲಿ. ಹಾಗಾಗಿ ಅಜ್ಜ ಸಿವಿಲ್, ಅಪ್ಪ ಮೆಕ್ಯಾನಿಕಲ್, ಮಗ ಕಂಪ್ಯೂಟರ್ ಸೈನ್ಸ್ ಎನ್ನುವ ಮನೆಗಳೂ ಸಿಗುತ್ತವೆ. ಸಿವಿಲ್ ಓದಿದವರು ಕಂಡವರ ಮನೆಯ ಗೋಡೆ ತಟ್ಟಿ ನೋಡುತ್ತಿದ್ದರು. ಮೆಕ್ಯಾನಿಕಲ್‌ನವರು ಸ್ಕೂಟರ್ ಬಿಚ್ಚಿ ಹರಡಿ, ಜೋಡಿಸಲು ಮೆಕ್ಯಾನಿಕ್‌ಗೆ ಹೇಳಿಕಳಿಸುತ್ತಿದ್ದರು. ಅವರನ್ನೆಲ್ಲ ಊರು ತಡೆದುಕೊಂಡಿತು. ಈಗಿನ ತಳಿಯೇ ಬೇರೆ.

ಇವನು ಎರಡನೇ ಸೆಮಿಸ್ಟರ್ ಮುಗಿಯುವ ತನಕ ಸಾಧು ಪ್ರಾಣಿ. ಮೂರನೆಯದರಲ್ಲಿ ಕಂಪ್ಯೂಟರ್ ಆರ್ಗನೈಸೇಷನ್ ಎಂಬ ವಿಷಯ ತಗುಲುತ್ತದೆ. ಕಂಪ್ಯೂಟರಿನ ಡಬ್ಬ ಬಿಚ್ಚಿ ನೋಡಿದವನಲ್ಲ, ಆದರೆ ಅದರ ಚಿತ್ರವನ್ನು ಕಣ್ಣುಮುಚ್ಚಿ ಬರೆಯುತ್ತಾನೆ. ಲೆಕ್ಕ ಮಾಡುವ ಅಂಗ, ಹತೋಟಿಯ ಅಂಗ, ನೆನಪು, ಮಧ್ಯೆ ಬಾಣಗಳು. ವಾನ್ ನ್ಯೂಮನ್ 1945ರ ವರದಿಯಲ್ಲಿ ವಿವರಿಸಿದ್ದನ್ನು ಇವನು ಸ್ಕೇಲು ಪೆನ್ಸಿಲ್ ಹಿಡಿದು ಹತ್ತು ಅಂಕಕ್ಕೆ ಇಳಿಸಿದ್ದಾನೆ. ಇವನ ಬಾಯಲ್ಲಿ ಪಠ್ಯಪುಸ್ತಕದ ಹೆಸರು ಹಮಾಕರ್. ಅದನ್ನು ಜೊತೆಗೆ ಕೂತು ಬರೆದ ವ್ರಾನೆಸಿಕ್ ಮತ್ತು ಝಾಕಿ ಎಂಬ ಇಬ್ಬರು ಮಹನೀಯರನ್ನು ಇವನು ಒಮ್ಮೆಯೂ ನೆನೆದಿಲ್ಲ.

ವಿಷಯ ತಲೆಗೇರಲು ಕಾರಣವೂ ಇದೆ. ಈ ಶಾಸ್ತ್ರದ ಅರ್ಧ ಭಾಗ ಕಾಯುವುದರ ಬಗ್ಗೆಯೇ. ಪ್ರೊಸೆಸರ್ ಚುರುಕು, ಮೆಮೊರಿ ಮಂದ. ಒಂದು ಇನ್ನೊಂದಕ್ಕಾಗಿ ಕೈಕಟ್ಟಿ ನಿಲ್ಲದಂತೆ ಮಾಡುವುದಕ್ಕೇ ಇಷ್ಟೆಲ್ಲ ಬುದ್ಧಿ ಖರ್ಚಾಗಿದೆ. ತಡವಾಗುವುದರಲ್ಲೂ ಬಗೆಗಳಿವೆ ಎಂದು ಇವನಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಈಗ ಸೋಮಾರಿತನಕ್ಕೆ ಸಿಲಬಸ್ ಸಿಕ್ಕಿದೆ. ಬಸ್ಸು ಒಂದೇ, ಹತ್ತುವವರು ನೂರು ಮಂದಿ: ಸ್ಟ್ರಕ್ಚರಲ್ ಹಜಾರ್ಡ್. ಗೆಳೆಯ ಅಸೈನ್‌ಮೆಂಟ್ ಮುಗಿಸದೆ ಇವನು ಕಾಪಿ ಹೊಡೆಯುವಂತಿಲ್ಲ: ಡೇಟಾ ಹಜಾರ್ಡ್. ಬಟವಾಡಿ ಸ್ಟಾಪ್ ಬಂದ ಮೇಲೂ ಕಾಲೇಜೋ ಸಿನಿಮಾವೋ ಎಂದು ತೀರ್ಮಾನವಾಗಿಲ್ಲ: ಕಂಟ್ರೋಲ್ ಹಜಾರ್ಡ್.

ಇವನನ್ನು ಪೂರ್ತಿ ನೋಡಬೇಕಾದರೆ ಭಾನುವಾರ ಬೆಳಿಗ್ಗೆ ತಟ್ಟೆ ಇಡ್ಲಿ ಹೋಟೆಲಿಗೆ ಹೋಗಬೇಕು. ಬೆಂಗಳೂರಿನಿಂದ ಕಾರು ಕಟ್ಟಿಕೊಂಡು ಬಂದವರೆಲ್ಲ ಬಾಗಿಲಲ್ಲಿ ನಿಂತಿರುತ್ತಾರೆ. ಇವನು ಒಳಗೆ ಕೂತು ಗೆಳೆಯರಿಗೆ ಪೈಪ್‌ಲೈನ್ ಪಾಠ ಮಾಡುತ್ತಿರುತ್ತಾನೆ. ಒಂದು ಇಡ್ಲಿ ಹಿಟ್ಟಾಗಿ ಹೊರಟು ತಟ್ಟೆಗೆ ಬರಲು ಹಿಡಿಯುವ ಹೊತ್ತು ಲೇಟೆನ್ಸಿ, ನಿಮಿಷಕ್ಕೆ ಎಷ್ಟು ಇಡ್ಲಿ ಹೊರಬೀಳುತ್ತವೆ ಎನ್ನುವುದು ಥ್ರೂಪುಟ್. ಹಿಟ್ಟು ಹುಯ್ಯುವವನು ಫೆಚ್, ಹಬೆಯ ಪಾತ್ರೆ ಎಕ್ಸಿಕ್ಯೂಟ್. ನಡುವಿನ ಡಿಕೋಡ್ ಯಾರೆಂದು ಹೊಳೆಯದೆ, ಚಟ್ನಿ ಬಡಿಸುವವನನ್ನು ಅಲ್ಲಿಗೆ ಎಳೆದು ತರುತ್ತಾನೆ. ಸಾಲದೆಂದು ಮಾಲೀಕರನ್ನೇ ಕೇಳುತ್ತಾನೆ.

“ಅಂಕಲ್, ಜನ ಆರ್ಡರ್ ಮಾಡಿದ್ಮೇಲೆ ಬೇಯಿಸ್ತೀರಾ, ಮೊದಲೇನಾ?”

“ಬರ್ತಾರೆ ಅಂತ ಗೊತ್ತಿರ್ತೈತಲ್ಲಪ್ಪ, ಮೊದಲೇ ಇಡ್ತೀವಿ.”

“ಅದೇ ಅಂಕಲ್, ಸ್ಪೆಕ್ಯುಲೇಟಿವ್ ಎಕ್ಸಿಕ್ಯೂಷನ್! ಇಂಟೆಲ್‌ನವ್ರೂ ಇದನ್ನೇ ಮಾಡೋದು. 2018ರ ಜನವರೀಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಅಂತ ಎರಡು ದೋಷ ಹೊರಬಿದ್ವು. ಮುಂದೇನು ಬರುತ್ತೆ ಅಂತ ಅಂದಾಜಲ್ಲಿ ಮಾಡಿಟ್ಟ ಕೆಲಸದ ಕುರುಹು ಕ್ಯಾಶ್ ಮೆಮೊರೀಲಿ ಉಳಿದು, ಗುಟ್ಟೆಲ್ಲ ಸೋರೋ ಹಾಗಾಗಿತ್ತು. ಪೈಪ್‌ಲೈನಲ್ಲಿ ಏನಾದ್ರೂ ಸ್ಟಾಲ್ ಆದ್ರೆ ಏನ್ ಮಾಡ್ತೀರಾ?”

“ಅಂಗಂದ್ರೆ?”

“ಕೆಲಸ ಮುಂದಕ್ಕೆ ಹೋಗದೆ ಒಂದು ಕಡೆ ನಿಂತುಬಿಡೋದು.”

“ನಿಂತೈತಲ್ಲಪ್ಪ ಈಗ, ನಿನ್ ಟೇಬಲ್‌ನಾಗೆ. ಎದ್ದೇಳು, ಜನ ಕಾಯ್ತಾವ್ರೆ.”

ಪುಸ್ತಕದಲ್ಲಿ ನಲವತ್ತು ಪುಟ ಹಿಡಿದದ್ದನ್ನು ಗಲ್ಲಾಪೆಟ್ಟಿಗೆಯವರು ಅರ್ಧ ನಿಮಿಷದಲ್ಲಿ ಮುಗಿಸಿದ್ದರು.

ಮನೆಯಲ್ಲೂ ಇವನ ಗೆಲುವು ಅಷ್ಟಕ್ಕಷ್ಟೇ. ಬೆಳ್ಳುಳ್ಳಿ ಸುಲಿದುಕೊಡು ಎಂದ ತಾಯಿಗೆ ಇವನು ಅಮ್ಡಾಲ್ ಎಂಬ ಕಂಪ್ಯೂಟರ್ ತಜ್ಞ 1967ರಲ್ಲಿ ಮಂಡಿಸಿದ ವಾದ ವಿವರಿಸಿದ. ಅಡುಗೆಗೆ 60 ನಿಮಿಷ, ಅದರಲ್ಲಿ ಬೆಳ್ಳುಳ್ಳಿಯದು 6. ಆ ಆರನ್ನು ಸೊನ್ನೆಗೆ ಇಳಿಸಿದರೂ ಉಳಿದ 54 ಹಾಗೇ ಇರುತ್ತದೆ, ಒಟ್ಟು ವೇಗ 1.11 ಪಟ್ಟು ದಾಟುವುದಿಲ್ಲ, ಆದ್ದರಿಂದ ತಾನು ಕೈಹಾಕುವುದು ವ್ಯರ್ಥ.

“ಹಂಗಾರೆ ಬೆಳ್ಳುಳ್ಳಿ ನಾನೇ ಸುಲ್ಕೊಳ್ತೀನಿ, ಆ ಐವತ್ನಾಕು ನಿಮಿಷದ್ದು ನೀನು ಮಾಡು ಬಾ” ಎಂದರು ತಾಯಿ. ದೊಡ್ಡ ಪಾಲನ್ನು ಮೊದಲು ಹಿಡಿ ಎನ್ನುವುದೇ ಆ ಸೂತ್ರದ ನಿಜವಾದ ಪಾಠ. ತಾಯಿ ಅದನ್ನು ಹಮಾಕರ್ ಓದದೆಯೇ ಅರಿತಿದ್ದರು.

ಅಪ್ಪನ ಹತ್ತಿರ ಬೇರೆ ಅಧ್ಯಾಯ. ಗಾಡಿಗೆ ಪೆಟ್ರೋಲ್ ಹಾಕಿಸಿ, ಕರೆಂಟ್ ಬಿಲ್ ಕಟ್ಟಿ, ಅತ್ತೆ ಮನೆಗೆ ಹೋಗಿ ತೆಂಗಿನಕಾಯಿ ಕೊಟ್ಟು, ಪಾತ್ರೆ ಈಸ್ಕೊಂಡು ಬಾ ಎಂದು ಒಂದೇ ಉಸಿರಿಗೆ ಹೇಳಿದರೆ, ಇಂಥ ಭಾರಿ ಆದೇಶ ಹಳೆಯ ಪದ್ಧತಿ ಎನ್ನುತ್ತಾನೆ. ಬರ್ಕ್ಲಿಯ ಪ್ಯಾಟರ್ಸನ್, ಸ್ಟ್ಯಾನ್‌ಫರ್ಡಿನ ಹೆನೆಸ್ಸಿ ಸಣ್ಣ ಸಣ್ಣ ಆದೇಶಗಳ ‘ರಿಸ್ಕ್’ ಪದ್ಧತಿಯೇ ಮೇಲೆಂದು ತೋರಿಸಿ 2017ರ ಟ್ಯೂರಿಂಗ್ ಪ್ರಶಸ್ತಿ ಪಡೆದರಂತೆ. “ಒಂದೊಂದಾಗಿ ಹೇಳಪ್ಪಾಜಿ, ನಾನು ರಿಸ್ಕ್.”

“ಗೊತ್ತಿದ್ದೇ ಫೀಸ್ ಕಟ್ಟಿರೋದು ಕಣಪ್ಪ” ಎಂದು ಅಪ್ಪ ಪೇಪರ್ ತಿರುವಿದರು.

ರೂಮಿನ ವಿಚಾರ ಹೆಚ್ಚು ಹೇಳುವುದು ಬೇಡ. ಬಹಳ ದಿನ ಮುಟ್ಟದ್ದನ್ನು ಮೊದಲು ಹೊರಹಾಕಬೇಕೆಂಬ ಎಲ್‌ಆರ್‌ಯು ನಿಯಮ ಅಲ್ಲಿ ಜಾರಿಯಲ್ಲಿದೆ. ಆ ನಿಯಮದಂತೆ ಮೊದಲು ಮಂಚದ ಕೆಳಗೆ ಹೋದದ್ದು ಹಮಾಕರ್ ಪುಸ್ತಕವೇ. ಪರೀಕ್ಷೆಗೆ ಸೀನಿಯರ್ ಕೊಟ್ಟ ಝೆರಾಕ್ಸ್ ನೋಟ್ಸ್ ಸಾಕು. ಐದು ಮಾಡ್ಯೂಲಿನಲ್ಲಿ ಯಾವ ಎರಡನ್ನು ಪೂರ್ತಿ ಬಿಟ್ಟರೂ ಪಾಸಾಗಬಹುದೆಂದು ಇವನು ಹಾಕುವ ಲೆಕ್ಕದ ನಿಖರತೆ ಮಾತ್ರ ಉತ್ತರಪತ್ರಿಕೆಯಲ್ಲಿ ಕಾಣುವುದಿಲ್ಲ.

ಆದರೂ ಇವನನ್ನು ಪೂರ್ತಿ ತಳ್ಳಿಹಾಕಬೇಡಿ. ಮನೆಯ ಹಳೇ ಕಂಪ್ಯೂಟರ್ ಆನ್ ಆಗಲು ಐದು ನಿಮಿಷ ತೆಗೆದುಕೊಳ್ಳುತ್ತಿದ್ದರೆ, ಹೊಸದಕ್ಕೆ ದುಡ್ಡು ಸುರಿಯುವ ಮೊದಲು ಒಮ್ಮೆ ಇವನನ್ನು ಕರೆಯಿರಿ. ಪ್ರೊಸೆಸರಿನದು ತಪ್ಪಲ್ಲ, ತಿರುಗುವ ಹಾರ್ಡ್ ಡಿಸ್ಕಿನಿಂದ ಮಾಹಿತಿ ಬರುವುದನ್ನು ಅದು ಕಾಯುತ್ತಾ ಕೂತಿದೆ, ಎಸ್‌ಎಸ್‌ಡಿ ಹಾಕಿಸಿ ಎನ್ನುತ್ತಾನೆ. ಸಾಮಾನ್ಯವಾಗಿ ಅವನ ಮಾತು ಸರಿಯೇ ಇರುತ್ತದೆ. ಕಾಫಿ ಕೊಟ್ಟು ಕಳಿಸಿ. ಕಾಫಿ ಮಾಡುವಾಗ ಅಡುಗೆಮನೆಯೊಳಗೆ ಮಾತ್ರ ಬಿಟ್ಟುಕೊಳ್ಳಬೇಡಿ.