ವೇಟೇಜ್ ಮೂರ್ತಿಗಳು

ಹಾಸನದ ನಮ್ಮ ಬಡಾವಣೆಯಲ್ಲಿ ಮೂವರು ಮೂರ್ತಿಗಳಿದ್ದಾರೆ: ಪೋಸ್ಟ್ ಮೂರ್ತಿ, ಕೋಪದ ಮೂರ್ತಿ, ವೇಟೇಜ್ ಮೂರ್ತಿ. ಮೊದಲಿಬ್ಬರ ಹೆಸರಿಗೆ ವಿವರಣೆ ಬೇಕಿಲ್ಲ. ಮೂರನೆಯವರು ಸಹಕಾರಿ ಬ್ಯಾಂಕೊಂದರಲ್ಲಿ ಅಕೌಂಟೆಂಟ್. ಮಗ ಒಂಬತ್ತನೇ ಕ್ಲಾಸಿಗೆ ಕಾಲಿಟ್ಟ ದಿನದಿಂದ ಇಸ್ರೋದ ಲೆಕ್ಕವನ್ನೂ ಅವರೇ ನೋಡಿಕೊಳ್ಳುತ್ತಿದ್ದಾರೆ.

ಇಸ್ರೋ 2019ರಲ್ಲಿ ‘ಯುವಿಕಾ’ ಎಂಬ ಬೇಸಿಗೆ ಶಿಬಿರ ಶುರು ಮಾಡಿತು. ಒಂಬತ್ತನೇ ತರಗತಿಯ ಮಕ್ಕಳಿಗೆ ಎರಡು ವಾರ ವಿಜ್ಞಾನಿಗಳ ಪಾಠ, ಪ್ರಯೋಗಾಲಯಗಳ ದರ್ಶನ, ಪುಟಾಣಿ ರಾಕೆಟ್ ಕಟ್ಟಿ ಹಾರಿಸುವ ಯೋಗ. ಊಟ, ವಸತಿ, ರೈಲು ಖರ್ಚು ಎಲ್ಲ ಅವರದೇ. ಮೊದಲ ವರ್ಷ ರಾಜ್ಯಕ್ಕೆ ಮೂರೇ ಸೀಟು. ಈಚೆಗೆ ಇಡೀ ದೇಶಕ್ಕೆ 350ರ ಆಸುಪಾಸು. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನ ಆ ದೊಡ್ಡ ದೊಡ್ಡ ಆ್ಯಂಟೆನಾಗಳು 1982ರಿಂದ ಆಕಾಶ ನೋಡುತ್ತ ಕೂತಿವೆ. ಹಾಸನದವರಿಗೆ ಇಸ್ರೋ ನೆಂಟರ ಮನೆ, ಒಂದು ಸೀಟು ಮಾವನ ಮನೆಯ ಉಡುಗೊರೆ ಎಂಬುದು ಮೂರ್ತಿಗಳ ಗಟ್ಟಿ ನಂಬಿಕೆ.

ಆಯ್ಕೆಯ ವೇಟೇಜ್ ಪಟ್ಟಿ ಅವರಿಗೆ ವಿಷ್ಣು ಸಹಸ್ರನಾಮಕ್ಕಿಂತ ಚೆನ್ನಾಗಿ ಬಾಯಿಗೆ ಬರುತ್ತದೆ. ಎಂಟನೇ ತರಗತಿಯ ಅಂಕಕ್ಕೆ 50. ಆನ್‌ಲೈನ್ ಕ್ವಿಜ್‌ಗೆ 10. ವಿಜ್ಞಾನ ಮೇಳಕ್ಕೆ ಶಾಲಾ ಮಟ್ಟವಾದರೆ 2, ಜಿಲ್ಲೆಯಾದರೆ 5, ರಾಜ್ಯವಾದರೆ 10. ಒಲಿಂಪಿಯಾಡ್ ಬಹುಮಾನಕ್ಕೆ 5ರವರೆಗೆ, ಆಟೋಟಕ್ಕೆ 5ರವರೆಗೆ. ಸ್ಕೌಟ್, ಎನ್‌ಸಿಸಿ ಇತ್ಯಾದಿಗೆ 5. ಕೊನೆಯ 15ರ ವಿಷಯ ಬಂದಾಗ ಮಾತ್ರ ಮೂರ್ತಿಗಳು ನೀರು ಕೇಳುತ್ತಾರೆ.

“ಅಂಕ ಬಿಡಿ ಸಾರ್, ಅರ್ಜಿ ಹಾಕೋರೆಲ್ಲ ತೊಂಬತ್ತೈದರ ಮೇಲೇ. ಆಟ ಇರೋದು ಉಳಿದ ಐವತ್ತರಲ್ಲಿ.” ಹೀಗೆಂದವರೇ ಆಟಕ್ಕಿಳಿದರು. ನೀರು ಕಂಡರೆ ಮಾರು ದೂರ ನಿಲ್ಲುವ ಮಗನನ್ನು ಈಜಿಗೆ ಸೇರಿಸಿದರು. ನಮ್ಮ ಜಿಲ್ಲೆಯಲ್ಲಿ ಈಜುವವರು ಕಡಿಮೆ, ಮುಳುಗದೆ ದಡ ಸೇರಿದರೂ ಪದಕ ಎಂಬುದು ಲೆಕ್ಕ. ಸ್ಕೌಟ್ ಸಮವಸ್ತ್ರ ಹೊಲಿಸಿದರು. ವಿಜ್ಞಾನ ಮೇಳಕ್ಕೆ ಜ್ವಾಲಾಮುಖಿ ತಯಾರಾಯಿತು. ಅಡಿಗೆ ಸೋಡಾ, ವಿನೆಗರ್ ಅಮ್ಮನದು, ಥರ್ಮಾಕೋಲ್ ಅಪ್ಪನದು. ಮಗನದು ಪಕ್ಕದಲ್ಲಿ ನಿಲ್ಲುವ ಕೆಲಸ. ಪ್ರತಿಭಾ ಕಾರಂಜಿಯಲ್ಲಿ ಅವನು ತಾನಾಗಿ ಗೆದ್ದಿದ್ದ ಏಕಪಾತ್ರಾಭಿನಯದ ಬಹುಮಾನಕ್ಕೆ ಸೊನ್ನೆ ಎಂದು ತಿಳಿದಾಗ ಮೂರ್ತಿಗಳು ನಿಟ್ಟುಸಿರು ಬಿಟ್ಟರು. “ಸಾಹಿತ್ಯದ ಗಂಧ ಇಲ್ಲ ಸಾರ್ ಇಸ್ರೋದವರಿಗೆ.”

ಮುಖ್ಯೋಪಾಧ್ಯಾಯಿನಿಯವರ ಕೋಣೆಯಲ್ಲಂತೂ ಅವರಿಗೊಂದು ಕುರ್ಚಿ ಕಾಯಂ. “ಮೇಡಂ, ಸರ್ಟಿಫಿಕೇಟಿನ ಸೀಲು ಸ್ವಲ್ಪ ಓರೆ ಬಿದ್ದಿದೆ.”

“ಓದೋಕೆ ಬರುತ್ತಲ್ಲ ಮೂರ್ತಿಗಳೇ?”

“ಬರುತ್ತೆ. ಆದ್ರೆ ಇಸ್ರೋದವರು ಕಕ್ಷೆ ಲೆಕ್ಕ ಹಾಕೋರು ಮೇಡಂ, ಓರೆ ಕಂಡರೆ ಸಹಿಸಲ್ಲ.”

ಮೇಡಂ ಇನ್ನೊಂದು ಸೀಲು ಹಾಕಿದರು. ಈ ಸಲ ಕಾಗದಕ್ಕೆ ತೂತು ಬಿತ್ತು.

ಆ ಕೊನೆಯ 15 ಯಾವುದಕ್ಕೆ? ಪಂಚಾಯಿತಿ ವ್ಯಾಪ್ತಿಯ ಹಳ್ಳಿ ಶಾಲೆಯಲ್ಲಿ ಓದುವ ಮಕ್ಕಳಿಗೆ. ಮೂರ್ತಿಗಳ ಸಂಕಟ ಇರುವುದೇ ಇಲ್ಲಿ. ಮಗ ಹಳ್ಳಿ ಶಾಲೆಯ ಮಣ್ಣು ಮೆಟ್ಟಬಾರದು ಎಂದೇ ಅವರು ಊರು ಬಿಟ್ಟವರು. ಅರ್ಧ ಎಕರೆ ತೆಂಗಿನ ತೋಟ ಕರಗಿಸಿ ಇಂಗ್ಲಿಷ್ ಮೀಡಿಯಂ ಡೊನೇಷನ್ ಕಟ್ಟಿದವರು. ದುಡ್ಡು ಸುರಿದು ಯಾವುದರಿಂದ ತಪ್ಪಿಸಿಕೊಂಡರೋ ಅದಕ್ಕೇ ಇಸ್ರೋ ಪುಕ್ಕಟೆ 15 ಕೊಡುತ್ತಿದೆ! ಅಡಿಗೆಮನೆಯಿಂದ ಹೆಂಡತಿಯ ದನಿ ಬಂತು: “ಇಸ್ರೋ ಅಧ್ಯಕ್ಷರಾಗಿದ್ದ ಯು.ಆರ್. ರಾಯರು ಹುಟ್ಟಿದ್ದೂ ಅದಮಾರು ಅನ್ನೋ ಹಳ್ಳೀಲೇ. ಅವರಪ್ಪ ಎಷ್ಟು ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡಿಸಿದ್ದರಂತೆ?” ಮೂರ್ತಿಗಳು ಫ್ಯಾನಿನ ವೇಗ ಹೆಚ್ಚಿಸಿದರು.

ಕ್ವಿಜ್ ದಿನ ಮನೆಗೆಲ್ಲ ಕರ್ಫ್ಯೂ. ಮಗ ಕಂಪ್ಯೂಟರ್ ಮುಂದೆ, ಅಪ್ಪ ಮಗನ ಭುಜದ ಮೇಲೆ. ಆರ್ಯಭಟ ಉಪಗ್ರಹ ಯಾವ ದೇಶದಿಂದ ಹಾರಿತು ಎಂಬ ಪ್ರಶ್ನೆ ಬಂತು. ಹುಡುಗ ಸೋವಿಯತ್ ಒಕ್ಕೂಟದ ಮೇಲೆ ಬೆರಳಿಟ್ಟ.

“ಏಯ್, ಪೀಣ್ಯದ ಶೆಡ್ಡಲ್ಲಿ ಕಟ್ಟಿದ ನಮ್ಮ ಉಪಗ್ರಹ ರಷ್ಯಾಕ್ಕೆ ಹೋಗಿ ಯಾಕೋ ಹಾರುತ್ತೆ? ಭಾರತ ಒತ್ತು!”

ಒತ್ತಿದ. 1975ರ ಏಪ್ರಿಲ್ 19ರಂದು ಆರ್ಯಭಟ ಹಾರಿದ್ದು ಸೋವಿಯತ್ ನೆಲದ ಕಪೂಸ್ತಿನ್ ಯಾರ್‌ನಿಂದಲೇ. ಅದು ಅಪ್ಪನಿಗೆ ತಿಳಿದದ್ದು ರಾತ್ರಿ ಊಟದ ಹೊತ್ತಿಗೆ. ಮಗ ಏನೂ ಅನ್ನಲಿಲ್ಲ. ಇನ್ನೊಂದು ಹಪ್ಪಳ ಕೇಳಿ ಹಾಕಿಸಿಕೊಂಡ.

ಆಮೇಲೆ ಮೂರ್ತಿಗಳಿಗೆ ಜ್ಞಾನೋದಯವಾಯಿತು. ಊರಿನಲ್ಲಿ ತಮ್ಮನ ಮಗಳು ಸರ್ಕಾರಿ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸು! ಹದಿನೈದು ಅಂಕ ಇರುವವರಿಗೆ ಅರ್ಜಿಯ ಸುದ್ದಿ ಇರುವುದಿಲ್ಲ, ಸುದ್ದಿ ಇರುವವರಿಗೆ ಹದಿನೈದು ಇರುವುದಿಲ್ಲ. ಉದ್ಧಾರ ಮಾಡಲು ತಾವೇ ಬೇಕು ಎಂದು ಫೋನು ಹಚ್ಚಿದರು.

“ಹಾ ದೊಡ್ಡಪ್ಪ, ಯುವಿಕಾ ತಾನೆ? ನಮ್ ಸೈನ್ಸ್ ಮೇಡಂ ಅವರ ಮೊಬೈಲಲ್ಲೇ ಅರ್ಜಿ ತುಂಬ್ಸಿದ್ರು. ಕ್ವಿಜ್ಜೂ ಆಯ್ತು.”

“ಸ್ಕೌಟು? ಈಜು?”

“ಕೆರೇಲಿ ಈಜ್ತೀನಿ. ಅದಕ್ಕೂ ಸರ್ಟಿಫಿಕೇಟ್ ಕೊಡ್ತಾರಾ?”

ಪಟ್ಟಿ ಬಂದಾಗ ಅವಳ ಹೆಸರಿತ್ತು, ತಿರುವನಂತಪುರ ಕೇಂದ್ರ. ಮೂರ್ತಿಗಳ ಮಗ ಅಜ್ಜಿಯ ಮನೆಗೆ ಮಾವಿನಹಣ್ಣು ತಿನ್ನಲು ಓಡಿದ. ಶಿಬಿರಕ್ಕೆ ಮಗುವನ್ನು ಬಿಟ್ಟುಬರುವ ಒಬ್ಬ ಪೋಷಕರಿಗೂ ರೈಲು ಚಾರ್ಜು ಸಿಗುತ್ತದೆ ಎಂಬ ಕಲಂ ತಮ್ಮನಿಗೆ ಗೊತ್ತಿರಲಿಲ್ಲ, ಅಣ್ಣನಿಗೆ ಗೊತ್ತಿತ್ತು. ಹೋಗಿಬಂದರು. ಈಗ ಬಡಾವಣೆಯಲ್ಲಿ “ನಾವು ಯುವಿಕಾಗೆ ಆಯ್ಕೆಯಾದಾಗ” ಎಂದೇ ಅವರ ಮಾತು ಶುರುವಾಗುತ್ತದೆ. ಎಂಟನೇ ಕ್ಲಾಸಿನ ಮಕ್ಕಳ ಅಪ್ಪಂದಿರು ಸಂಜೆ ಅವರ ಜಗಲಿಯ ಮೇಲೆ ಡೈರಿ ಹಿಡಿದು ಕೂರುತ್ತಾರೆ.

ಮೂರ್ತಿಗಳಿಗೆ ಆರನೇ ಕ್ಲಾಸಿನಲ್ಲಿ ಒಬ್ಬ ಮಗಳಿದ್ದಾಳೆ. ಊರಿನ ಹಳೇ ಮನೆಗೆ ಸುಣ್ಣ ಹೊಡೆಸುತ್ತಿದ್ದಾರಂತೆ.