ನಾಯಿಗೆ ಮನೆ ಹುಡುಕುವುದೆಂದರೆ

ಬೆಂಗಳೂರಿನಲ್ಲಿ ನಾಯಿ ಮನೆ ಬಿಟ್ಟು ಹೋಗಲು ಕಾರಣಗಳು ಮೂರೇ ಮೂರು ಕಣ್ರೀ. ಮಗನಿಗೆ ವೀಸಾ ಬಂತು, ಸೊಸೆ ಬಸುರಿಯಾದಳು, ಇಲ್ಲವೇ ಅಪಾರ್ಟ್‌ಮೆಂಟಿನ ಸೆಕ್ರೆಟರಿಗೆ ಸಿಟ್ಟು ಬಂತು. ಕೊನೆಯ ಎರಡಕ್ಕೆ ನಾಯಿಯನ್ನು ಸಾಗಹಾಕಲೇಬೇಕೆಂದಿಲ್ಲ. ಬಸುರಿಯರು ಹೆದರುವ ಟಾಕ್ಸೊಪ್ಲಾಸ್ಮಾ ಬೆಕ್ಕಿನ ಬಾಬ್ತು, ನಾಯಿಯದಲ್ಲ. ಅಸೋಸಿಯೇಷನ್ನಿನವರು ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ವೀಸಾಕ್ಕೆ ಮಾತ್ರ ಮದ್ದಿಲ್ಲ.

ನಮ್ಮ ಕಾಂಪೌಂಡಿನ ಆಚೆ ಬದಿಯ ರಾಯರದು ಅದೇ ಕೇಸು. 2022ರಲ್ಲಿ ‘777 ಚಾರ್ಲಿ’ ನೋಡಿ, ಕಣ್ಣು ಒರೆಸಿಕೊಳ್ಳುತ್ತಲೇ ಹೋಗಿ ಮಗರಾಯ ಲ್ಯಾಬ್ರಡಾರ್ ಮರಿ ತಂದ. ಈಗ ಅವನು ಟೊರಾಂಟೊದಲ್ಲಿದ್ದಾನೆ, ಬ್ರೂನೋ ಮೂವತ್ತು ಕಿಲೊ ತೂಗುತ್ತಾನೆ, ರಾಯರಿಗೆ ಎಪ್ಪತ್ತು ದಾಟಿ ಮಂಡಿ ಸವೆದಿದೆ. ವಾಕಿಂಗಿಗೆ ಯಾರು ಯಾರನ್ನು ಎಳೆದುಕೊಂಡು ಹೋಗುತ್ತಾರೆ ಅನ್ನುವುದು ಬೀದಿಗೇ ಗೊತ್ತು.

“ಸಾರ್, ಇವನ್ನ ಯಾರಿಗಾದ್ರೂ ಒಳ್ಳೆಯವರಿಗೆ ಕೊಟ್ಟುಬಿಡೋಣ ಅಂತಿದೀನಿ” ಅಂದರು. ಅಂದದ್ದೇ ತಡ, ಬೀದಿಯೆಲ್ಲ ಸಲಹೆಗಾರರು. ಎದುರುಮನೆಯವರದು ಎಂದಿನ ಮಾತು: “ಸಕಲೇಶಪುರದಲ್ಲಿ ನಮ್ಮ ಷಡ್ಡಕನ ತೋಟ ಇದೆ, ಅಲ್ಲಿಗೆ ಬಿಡಿ, ಆರಾಮಾಗಿರ್ತಾನೆ.” ತೋಟ ಎಂದರೆ ನಾಯಿಗೆ ಸ್ವರ್ಗ ಎಂದು ಪೇಟೆಯವರಿಗೆ ಯಾರು ಹೇಳಿಕೊಟ್ಟರೋ! ಅಲ್ಲಿ ಹಗಲೆಲ್ಲ ಚೈನು, ರಾತ್ರಿ ಕಾವಲು. ಸೋಫಾ ಮೇಲೆ ಮಲಗಿ ಮೊಸರನ್ನ ತಿಂದು ಬೆಳೆದ ಲ್ಯಾಬ್ರಡಾರ್, ಮಲೆನಾಡಿನ ಚಿರತೆಯ ಕಣ್ಣಿಗೆ ಕಾವಲುಗಾರನಾಗಿ ಕಾಣುವುದಿಲ್ಲ ಸ್ವಾಮಿ, ಹಬ್ಬದೂಟವಾಗಿ ಕಾಣುತ್ತದೆ.

ಇನ್ನೊಬ್ಬರು ಮೆಲ್ಲಗೆ, “ರಿಂಗ್ ರೋಡಿನ ಆಚೆ ಬಿಟ್ಟು ಬಂದ್ರೆ ಬದುಕ್ಕೋತಾನೆ” ಅಂದರು. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗೆ ಸಿಗುವಂತೆ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಆ ಕಾಯ್ದೆಯಲ್ಲಿ ಮೊದಲ ಸಲದ ದಂಡ ಹತ್ತರಿಂದ ಐವತ್ತು ರೂಪಾಯಿ. ಇವತ್ತು ಗಾಂಧಿಬಜಾರಿನಲ್ಲಿ ಆ ದುಡ್ಡಿಗೆ ಒಂದು ಮಸಾಲೆ ದೋಸೆಯೂ ಬರುವುದಿಲ್ಲ. ದಂಡಕ್ಕೆ ಹೆದರಿ ಯಾರೂ ಸುಮ್ಮನಿರುವುದಿಲ್ಲ ಬಿಡಿ, ಮನಸ್ಸು ಒಪ್ಪದೆ ಸುಮ್ಮನಿರಬೇಕು ಅಷ್ಟೆ.

ಹಾಗಾದರೆ ಕೇಳಬೇಕಾದದ್ದು ಯಾರನ್ನು? ಮೊದಲು ನಾಯಿ ಡಾಕ್ಟರನ್ನು. ಯಾರ ಮನೆಯ ಮುದಿ ನಾಯಿ ಮೊನ್ನೆ ಸತ್ತಿತು, ಯಾರು ಖಾಲಿ ತಟ್ಟೆ ನೋಡಿ ಕೊರಗುತ್ತಿದ್ದಾರೆ, ಎಲ್ಲ ಅವರಿಗೆ ಗೊತ್ತಿರುತ್ತದೆ. ಆಮೇಲೆ ಕ್ಯೂಪಾದಂಥ ಸಂಸ್ಥೆಗಳು. ಜೈಪುರದಲ್ಲಿ ಒಂದು ಪ್ರಾಣಿ ಆಸ್ಪತ್ರೆ ಕಟ್ಟಿ ನಿಲ್ಲಿಸಿದ್ದ ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಹೆಂಗಸು, ಎಂಬತ್ತು ದಾಟಿದ ಮೇಲೆ ಬೆಂಗಳೂರಿಗೆ ಬಂದು 1991ರಲ್ಲಿ ಹುಟ್ಟುಹಾಕಿದ ಸಂಸ್ಥೆ ಅದು. ಆದರೆ ಇಂಥ ಕಡೆ ಹೋಗಿ ಸಾಮಾನು ಇಳಿಸಿದ ಹಾಗೆ ನಾಯಿ ಇಳಿಸಿ ಬರುತ್ತೇನೆ ಅಂದರೆ ಆಗದು. ಕಾಲು ಮುರಿದದ್ದು, ಬೀದಿಯಲ್ಲಿ ಬಿದ್ದದ್ದು ಅಂತ ಅವರ ಶೆಡ್ಡು ಯಾವಾಗಲೂ ತುಂಬಿರುತ್ತದೆ. ನಾಯಿ ನಮ್ಮ ಮನೆಯಲ್ಲೇ ಇರಲಿ, ಬರುವವರನ್ನು ಜರಡಿ ಹಿಡಿಯಲು ಸಹಾಯ ಮಾಡಿ ಎಂದು ಕೇಳುವುದೇ ಸರಿ.

ಈ ಜರಡಿಯೇ ಮುಖ್ಯ. ಮೇಲಿನ ಮನೆ ಬಾಡಿಗೆಗೆ ಕೊಡುವಾಗ ರಾಯರು ಊರು, ಕೆಲಸ, ಊಟದ ಪದ್ಧತಿ ಎಲ್ಲ ವಿಚಾರಿಸಿ, ಅಡ್ವಾನ್ಸು ಎಣಿಸಿಕೊಂಡು, ಹನ್ನೊಂದು ತಿಂಗಳ ಅಗ್ರಿಮೆಂಟು ಬರೆಸಿದವರು. ಬ್ರೂನೋ ವಿಷಯಕ್ಕೆ ಬಂದಾಗ ವಾಟ್ಸ್ಆ್ಯಪಿನಲ್ಲಿ ‘ಒಳ್ಳೆಯ ಮನೆಗೆ ಫ್ರೀ’ ಎಂದು ಹಾಕಲು ಹೊರಟರು. ತಡೆದೆ. ಫ್ರೀ ಎಂದ ಕೂಡಲೇ ಮೊದಲು ಬರುವುದು ಮರಿ ಮಾಡಿ ಮಾರುವವರ ಫೋನು. ಆಪರೇಷನ್ ಆಗದ ಜಾತಿ ನಾಯಿ ಅಂದರೆ ಅವರಿಗೆ ಬಂಡವಾಳವಿಲ್ಲದ ವ್ಯಾಪಾರ. ಅದಕ್ಕೇ ಮೊದಲು ಸಂತಾನಹರಣ ಮಾಡಿಸಿ, ಆಮೇಲೆ ಮಾತು. ರೇಬೀಸ್ ಲಸಿಕೆಯ ಪುಸ್ತಕವನ್ನು ಒಯ್ಯುವವರ ಕೈಗೆ ಕೊಡಿ. ಪಟಾಕಿಗೆ ಮಂಚದಡಿ ಸೇರುತ್ತಾನೆ, ತಟ್ಟೆ ಮುಟ್ಟಿದರೆ ಗುರ್ ಅನ್ನುತ್ತಾನೆ ಅನ್ನುವುದನ್ನೂ ಮುಚ್ಚಿಡಬೇಡಿ. ಮುಚ್ಚಿಟ್ಟರೆ ವಾರದಲ್ಲೇ ವಾಪಸು ಬರುತ್ತಾನೆ. ಅವರ ಮನೆಗೆ ಹೋಗಿ ನೋಡಿ ಬನ್ನಿ. ಆಗದಿದ್ದರೆ ನಮಗೇ ಹಿಂದಿರುಗಿಸಿ, ಬೇರೆಯವರಿಗೆ ದಾಟಿಸಬೇಡಿ ಎಂದು ಒಂದು ಕಾಗದ ಬರೆಸಿಕೊಳ್ಳಿ. ಹೋಗುವಾಗ ಅವನು ಮಲಗುವ ಹಳೇ ಬೆಡ್‌ಶೀಟನ್ನು ಒಗೆಯದೇ ಕಳಿಸಿ. ಹೊಸ ಮನೆಯಲ್ಲಿ ಅವನಿಗೆ ಗುರುತು ಸಿಗುವುದು ಆ ವಾಸನೆಯೊಂದೇ.

ಅಂತೂ ಇಬ್ಬರು ಬಂದರು. ಒಬ್ಬ ಫೋನಿನಲ್ಲೇ, “ಲೊಕೇಶನ್ ಕಳ್ಸಿ ಅಂಕಲ್, ಸಾಯಂಕಾಲನೇ ಎತ್ಕೊಂಡ್ ಹೋಗ್ತೀನಿ” ಅಂದ. ರಾಯರಿಗೆ ಖುಷಿಯೋ ಖುಷಿ. ಇನ್ನೊಬ್ಬಳು ಬನಶಂಕರಿಯ ಟೀಚರು. ಡಾಕ್ಟರ ಕಡೆಯಿಂದ ಬಂದವಳು. ಬಂದವಳೇ ಎಷ್ಟು ಹೊತ್ತು ಒಂಟಿಯಾಗಿರುತ್ತಾನೆ, ಮಕ್ಕಳನ್ನು ಕಂಡರೆ ಹೇಗೆ, ಹೊಟ್ಟೆ ಕೆಟ್ಟರೆ ಏನು ಕೊಡುತ್ತೀರಿ, ನೀವೇಕೆ ಬಿಟ್ಟುಕೊಡುತ್ತಿದ್ದೀರಿ ಎಂದು ಶುರುಮಾಡಿದಳು. ಅವಳು ಹೋದ ಮೇಲೆ ರಾಯರು ಕಾಂಪೌಂಡಿನ ಹತ್ತಿರ ಬಂದು ಗೊಣಗಿದರು: “ಇದೇನ್ ಸಾರ್ ಪೊಲೀಸ್ ವಿಚಾರಣೆ! ನನ್ನ ಪೆನ್ಷನ್ ಎಷ್ಟು ಅನ್ನೋದೊಂದು ಬಿಟ್ಟು ಎಲ್ಲಾ ಕೇಳಿದ್ಲು.”

ಹಿಂದಿನಿಂದ ಅವರ ಮನೆಯವರು ಬಟ್ಟೆ ಹಿಂಡುತ್ತಾ ಅಂದರು: “ಕೇಳಲಿ ಬಿಡಿ, ಅವಳಿಗೇ ಕೊಡೋಣ. ಇದ್ರಲ್ಲಿ ಅರ್ಧ ಪ್ರಶ್ನೆನಾದ್ರೂ ಮರಿ ಮಾರಿದವನು ನಮ್ಮ ಮಗನಿಗೆ ಕೇಳಿದ್ದಿದ್ರೆ, ಅವತ್ತೇ ಬರಿಗೈಲಿ ಮನೆಗೆ ಬರ್ತಿದ್ದ.”