ಲೇತ್-ಪರಿವರ್ತನ ಮೀಮಾಂಸೆ

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯ ಶಿರಾಳಕೊಪ್ಪದಲ್ಲಿ ಮಂಚದ ಕಾಲು, ತೊಟ್ಟಿಲ ಗೂಟ, ಲಟ್ಟಣಿಗೆ ಕಡೆಯುತ್ತಿದ್ದ ಮರದ ಲೇತೊಂದು ಈಚೆಗೆ ಡಿಸ್ಕ್ ಸ್ಯಾಂಡರ್ ಆಗಿ ಪರಿವರ್ತನೆ ಹೊಂದಿತು. ವಿದ್ವತ್ ಲೋಕ ಇದನ್ನು ಗಮನಿಸದೇ ಹೋದದ್ದು ಖೇದಕರ. ಶೆಡ್ಡಿನ ಯಜಮಾನರಾದ ಆಚಾರ್ರು, "ಹೊಸ ಮಿಷನ್ ತರಕ್ಕೆ ದುಡ್ಡಿಲ್ಲ ಮೇಷ್ಟ್ರೇ, ಅದಕ್ಕೆ ಹಿಂಗ್ ಮಾಡ್ದೆ" ಎಂದು ಕಾರಣ ಹೇಳಿದ್ದಾರೆ. ಆದರೆ ಕರ್ತೃವಿನ ಸ್ವಂತ ಹೇಳಿಕೆಯನ್ನು ಪ್ರಮಾಣವೆಂದು ಸ್ವೀಕರಿಸುವ ಪದ್ಧತಿ ನಮ್ಮ ಸಂಶೋಧನೆಯಲ್ಲಿ ಇಲ್ಲ.

ಮೊದಲು ಪ್ರಾಚೀನತೆ. ಈ ಸೀಮೆಯಲ್ಲಿ ಯಾವ ವಸ್ತುವೂ ಕದಂಬರವರೆಗೆ ಹೋಗದೆ ಮರ್ಯಾದೆ ಗಳಿಸುವುದಿಲ್ಲ. ಪುಣ್ಯಕ್ಕೆ ತಾಳಗುಂದ ಹತ್ತಿರದಲ್ಲೇ ಇದೆ. ಅಲ್ಲಿನ ಪ್ರಣವೇಶ್ವರ ಗುಡಿಯ ಮುಂದಿನ ಕಂಬದಲ್ಲಿ, 5ನೇ ಶತಮಾನದ ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿ ಒಂದು ಸಂಗತಿಯನ್ನು ದಾಖಲಿಸಿದ್ದಾನೆ. ಕಂಚಿಗೆ ಓದಲು ಹೋದ ಮಯೂರಶರ್ಮ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ದರ್ಭೆ-ಸಮಿತ್ತು ಹಿಡಿಯುತ್ತಿದ್ದ ಕೈಯಲ್ಲೇ ಕತ್ತಿ ಹಿಡಿದ. ಒಂದು ಕೆಲಸಕ್ಕೆಂದು ತಯಾರಾದದ್ದನ್ನು ಮೋಟರು ಬದಲಿಸದೆ ಇನ್ನೊಂದು ಕೆಲಸಕ್ಕೆ ಹಚ್ಚಿದ ದಾಖಲೆ ಶಿಕಾರಿಪುರ ತಾಲ್ಲೂಕಿನಲ್ಲಿ ಇದಕ್ಕಿಂತ ಹಳೆಯದು ಪ್ರಸ್ತುತ ಲೇಖಕನಿಗೆ ಕಂಡಿಲ್ಲ.

ಇಲ್ಲಿಂದ ಶಿಕಾರಿಪುರ, ಸೊರಬ ಎಂಬ ಎರಡು ಪಂಥಗಳು ಹುಟ್ಟುತ್ತವೆ. ಇವನ್ನು ಬೇರೆ ಮಾಡಿದವರು ಬಿ.ಎಲ್. ರೈಸ್ ಎಂದೇ ಹೇಳಬೇಕು. ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಶಿಕಾರಿಪುರದ ಶಾಸನಗಳನ್ನು 1902ರ 7ನೇ ಸಂಪುಟಕ್ಕೂ ಸೊರಬದವನ್ನು 1904ರ 8ನೇ ಸಂಪುಟಕ್ಕೂ ಹಂಚಿ ಅವರು ಎರಡು ತಾಲ್ಲೂಕುಗಳ ನಡುವೆ ಎರಡು ವರ್ಷದ ಬಿರುಕು ತಂದಿಟ್ಟರು. ಅದು ಇವತ್ತಿಗೂ ಮುಚ್ಚಿಲ್ಲ.

ಶಿಕಾರಿಪುರ ಪಂಥದ ಆಧಾರ ಬಳ್ಳಿಗಾವಿ. ಅಲ್ಲಿನ ಕೇದಾರೇಶ್ವರ ದೇವಸ್ಥಾನದ ಕಂಬಗಳ ಮೈಮೇಲೆ ಬಳೆ ತೊಡಿಸಿದಂಥ ಗೆರೆಗಳಿವೆ. ಬಳಪದ ಕಲ್ಲನ್ನು ತಿರುಗಿಸಿ ಕಡೆದದ್ದರ ಗುರುತು ಅದು. ಕಂಬವನ್ನು ನಿಲ್ಲಿಸಿ ತಿರುಗಿಸಿದರೋ ಮಲಗಿಸಿ ತಿರುಗಿಸಿದರೋ ಎಂಬ ಜಗಳ ಇನ್ನೂ ಬಾಕಿಯಿದೆ, ಇರಲಿ. ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ ಬೇಲೂರಿಗೆ ಹೋಗಿ ಮದನಿಕೆಯರನ್ನು ಕಡೆದರು. ಆದ್ದರಿಂದ ತಿರುಗುವುದೆಲ್ಲ ನಮ್ಮದು, ಬೇಲೂರೂ ನಮ್ಮದೇ ಎಂಬುದು ಈ ಪಂಥದ ಸಿದ್ಧಾಂತ.

ಸೊರಬ ಪಂಥದವರು ಗುಡಿಗಾರರನ್ನು ಮುಂದೆ ತರುತ್ತಾರೆ. ಗಂಧದ ತುಂಡನ್ನು ಕಾಲಿನಲ್ಲಿ ಅಮುಕಿಕೊಂಡು ಉಳಿಯಲ್ಲಿ ಬಳ್ಳಿ, ಹೂವು, ಗಣಪತಿ ಬಿಡಿಸುವವರಿಗೆ ಮರ ತಿರುಗಬೇಕಾಗಿಲ್ಲ. ಆದ್ದರಿಂದ ಅವರ ಪ್ರಶ್ನೆ ಹೀಗೆ: ಲೇತಿನಲ್ಲಿ ಮರ ತಿರುಗುತ್ತಿತ್ತು, ಉಳಿ ನಿಂತಿತ್ತು. ಸ್ಯಾಂಡರಿನಲ್ಲಿ ಮರ ನಿಂತಿದೆ, ಸವೆಸುವ ವಸ್ತು ಚಲಿಸುತ್ತಿದೆ. ಇದು ಗುಡಿಗಾರರ ಮತವೇ ಅಲ್ಲವೇ? ಅಂದಮೇಲೆ ಪರಿವರ್ತನೆಯಾದದ್ದು ಲೇತಲ್ಲ, ಶಿಕಾರಿಪುರ! ಈ ವಾದಕ್ಕೆ ಶಿಕಾರಿಪುರದವರು ಕೊಟ್ಟ ಉತ್ತರ ಅಚ್ಚಿಗೆ ಯೋಗ್ಯವಲ್ಲ.

ಈಗ ಪ್ರಯೋಗಕಾಂಡ. ಲೇತಿನ ಫೇಸ್ ಪ್ಲೇಟಿಗೆ 18 ಮಿ.ಮೀ. ಪ್ಲೈವುಡ್ಡಿನ 10 ಇಂಚಿನ ಬಿಲ್ಲೆಯನ್ನು ಹಿಂದಿನಿಂದ ನಾಲ್ಕು ಸ್ಕ್ರೂ ಹಾಕಿ ಬಿಗಿಯಬೇಕು. ಮೋಟರು ಹಾಕಿ, ಉಳಿ ಆನಿಸಿ, ಬಿಲ್ಲೆಯ ಅಂಚನ್ನೂ ಮುಖವನ್ನೂ ಅಲ್ಲೇ ಸಮ ಮಾಡಬೇಕು. ಎಂದರೆ ಲೇತು ತನ್ನ ಉತ್ತರಾಧಿಕಾರಿಯನ್ನು ತಾನೇ ಕಡೆದು ಗಾದಿಗೆ ಕೂರಿಸುತ್ತದೆ. ರಾಜವಂಶಗಳಲ್ಲಿ ಇಷ್ಟು ಸಲೀಸಾಗಿ ಇದು ನಡೆದದ್ದು ಅಪರೂಪ. ಆ ಮುಖಕ್ಕೆ ಬಟ್ಟೆ ಬೆನ್ನಿನ 80 ನಂಬರಿನ ಪಾಲಿಷ್ ಪೇಪರನ್ನು ಗೋಂದು ಹಾಕಿ, ಗುಳ್ಳೆ ಉಳಿಯದ ಹಾಗೆ ಅಂಟಿಸುವುದು. ಲೇತಿನ ಹಾಸಿನ ಮೇಲೆ ಒಂದು ಹಲಗೆ ಮೇಜು. ಅದು ಬಿಲ್ಲೆಗೆ ನೇರ ಕೂತಿದೆಯೇ ಎಂದು ಮೂಲೆಮಟ್ಟ ಹಿಡಿದು ನೋಡಬೇಕು. ಮೇಜಿಗೂ ಬಿಲ್ಲೆಗೂ ಒಂದೆರಡು ಮಿ.ಮೀ.ಗಿಂತ ಹೆಚ್ಚು ಸಂದು ಬಿಟ್ಟರೆ ಸಣ್ಣ ತುಂಡು ಒಳಗೆ ಸೇರಿಕೊಳ್ಳುತ್ತದೆ, ಅದರ ಹಿಂದೆಯೇ ಬೆರಳೂ.

ಮರವನ್ನು ಬಿಲ್ಲೆಯ ಯಾವ ಕಡೆ ಒತ್ತಬೇಕೆಂಬುದು ಶಾಸ್ತ್ರದ ಮುಖ್ಯ ಪ್ರಶ್ನೆ. ಲೇತಿನ ಮುಂದೆ ನಿಂತವನ ಹತ್ತಿರದ ಅರ್ಧ ಕೆಳಕ್ಕೆ ಇಳಿಯುತ್ತದೆ, ಆಚೆಯದು ಮೇಲೇರುತ್ತದೆ. ಇಳಿಯುವ ಕಡೆ ಹಿಡಿದರೆ ಬಿಲ್ಲೆಯೇ ಮರವನ್ನು ಮೇಜಿಗೆ ಒತ್ತುತ್ತದೆ. ಏರುವ ಕಡೆ ಹಿಡಿದರೆ ಮರ ಮೇಲೆ ಹಾರಿ ಹಣೆಗೆ ಬರುತ್ತದೆ. ದಕ್ಷಿಣಾಚಾರ, ವಾಮಾಚಾರಗಳ ಭೇದವನ್ನು ಇಷ್ಟು ಬೇಗ ಮನವರಿಕೆ ಮಾಡಿಕೊಡುವ ಇನ್ನೊಂದು ಗುರು ಇಲ್ಲ.

ಸೂಕ್ಷ್ಮವಾದ ವಿಷಯವೊಂದು ಉಳಿದಿದೆ. 1,440 ಸುತ್ತಿನ ಮೋಟರಿಗೆ ನೇರ ಜೋಡಿಸಿದ 10 ಇಂಚಿನ ಬಿಲ್ಲೆಯ ಅಂಚು ನಿಮಿಷಕ್ಕೆ ಸುಮಾರು 1,150 ಮೀಟರ್ ಓಡುತ್ತದೆ. ಒಳಗೆ ಬಂದಂತೆ ವೇಗ ಇಳಿಯುತ್ತದೆ. ನಟ್ಟನಡುವಿನ ಬಿಂದುವಿನಲ್ಲಿ ವೇಗ ಸೊನ್ನೆ. ಅಲ್ಲಿ ಪೇಪರಿದೆ, ಪೇಪರಿನಲ್ಲಿ ಕಣವಿದೆ, ಸವೆತ ಮಾತ್ರ ಇಲ್ಲ. ಬಳ್ಳಿಗಾವಿ ಅಲ್ಲಮಪ್ರಭುವಿನ ಊರೆಂಬುದನ್ನೂ ಮುಂದೆ ಆತ ಏರಿದ್ದು ಶೂನ್ಯಪೀಠವೆಂಬುದನ್ನೂ ಬಲ್ಲವರು ಈ ಬಿಂದುವನ್ನು ಲಘುವಾಗಿ ಕಾಣಲಾರರು. ಇದರ ಬಗ್ಗೆ ವಿಚಾರಿಸಿದಾಗ ಆಚಾರ್ರು, "ನಡುವೆ ಹಿಡಿದ್ರೆ ಏನೂ ಆಗಲ್ಲ, ಕರೆಂಟ್ ದಂಡ" ಎಂದರು. ಇಷ್ಟು ಸಂಕ್ಷಿಪ್ತವಾದ ಭಾಷ್ಯ ಲೇಖಕನಿಗೆ ಬೇರೆಲ್ಲೂ ದೊರೆತಿಲ್ಲ.

ಸೊರಬದವರ ಕೊನೆಯ ಆಕ್ಷೇಪ ಧೂಳಿನದು. ಸಾಗುವಾನಿಯ ಧೂಳು ಮೂಗಿಗೆ ಹೋಗುತ್ತದೆ, ಅದಕ್ಕೇ ಆಚಾರ್ರು ಬಾಯಿಗೆ ಟವೆಲ್ಲು ಕಟ್ಟುವುದು. (ಇದನ್ನು ಜೈನ ಪ್ರಭಾವವೆಂದು ಗುರುತಿಸಿದ ಕಿರಿಯ ಸಂಶೋಧಕರೊಬ್ಬರ ಉತ್ಸಾಹವನ್ನು ಮೆಚ್ಚಬೇಕು.) ಆದರೆ ಗಂಧವನ್ನು ಈ ಚಕ್ರಕ್ಕೆ ಒಡ್ಡಿದರೆ ಮೂರ್ತಿಯ ಮೂಗು ಹೋಗಿ ಊದುಬತ್ತಿಯ ಕಚ್ಚಾ ಮಾಲು ಉಳಿಯುತ್ತದೆ. ಈ ಮಾತನ್ನು ಮಾತ್ರ ಶಿಕಾರಿಪುರದವರೂ ಒಪ್ಪಿದ್ದಾರೆ, ಗಂಧದ ಬೆಲೆ ಅವರಿಗೂ ಗೊತ್ತು.

ಎರಡೂ ಪಂಥಗಳನ್ನು ಶೆಡ್ಡಿಗೆ ಕರೆದೊಯ್ದು ಪ್ರತ್ಯಕ್ಷ ಪ್ರಮಾಣ ತೋರಿಸುವುದೆಂದು ನಿಶ್ಚಯವಾಗಿತ್ತು. ಹೋಗಿ ನೋಡಿದರೆ ಬಿಲ್ಲೆ ಗೋಡೆಗೆ ಒರಗಿತ್ತು, ಲೇತು ಮತ್ತೆ ಲೇತಾಗಿ ತೊಟ್ಟಿಲ ಗೂಟ ಕಡೆಯುತ್ತಿತ್ತು. ಪ್ರಬಂಧ ಅಚ್ಚಾಗುವವರೆಗಾದರೂ ಅದು ಸ್ಯಾಂಡರ್ ಆಗಿಯೇ ಇರಲಿ, ಇದು ಇತಿಹಾಸದ ಪ್ರಶ್ನೆ ಎಂದು ಕೋರಿಕೊಂಡೆವು.

"ಇರ್ಲಿ ಬಿಡಿ ಮೇಷ್ಟ್ರೇ," ಎಂದರು ಆಚಾರ್ರು ಉಳಿ ತೆಗೆಯದೆ, "ನಾಮಕರಣ ಸೋಮವಾರ. ಅವರಿಗೆ ನೀವೇ ಹೇಳ್ತೀರಾ?"